ನಾಲೆ ಬಂದ್ ಆಗೋ ಮೊದಲು

ರಾಯಚೂರು ಜಿಲ್ಲೆಯ ವಸಂತ ಎಂದು ತಲೆಬರಹ ಕೊಟ್ಟರೆ ಓದುಗರು ನಕ್ಕು ಪುಟ ತಿರುವುತ್ತಾರೆ. ಶಿವರಾತ್ರಿ ದಾಟಿದರೆ ಇಲ್ಲಿ ಬಿಸಿಲು, ಯುಗಾದಿ ಬಂದರೆ ಭಾರಿ ಬಿಸಿಲು. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ತಂಗಾಳಿ, ಮಾವಿನ ತೋಪು, ದುಂಬಿ ಇವೆಲ್ಲ ಬೇರೆ ಜಿಲ್ಲೆಯ ಕವಿಗಳಿಗೆ ಇರಲಿ. ಸಿಂಧನೂರಿನ ಚಹಾದಂಗಡಿಯಲ್ಲಿ ಈ ಎರಡು ತಿಂಗಳು ನಡೆಯುವ ಮಾತು ಒಂದೇ: ನಾಲೆಗೆ ನೀರು ಯಾವ ತಾರೀಖಿನ ತನಕ ಬಿಡ್ತಾರಂತೆ? ಸಲಹಾ ಸಮಿತಿ ಸಭೆಯಾಗ ಏನಾತು? ಕೊನೇ ಭಾಗಕ್ಕ ಮುಟ್ಟತೈತೋ ಇಲ್ಲೋ?

ಹಕ್ಕಿಗಳೂ ಇದೇ ಪಂಚಾಂಗ ನೋಡಿಕೊಂಡು ಬದುಕುತ್ತವೆ. ಫೆಬ್ರುವರಿ ನಡುವಿನಿಂದ ಏಪ್ರಿಲ್ ಮೊದಲ ವಾರಗಳ ತನಕ, ತುಂಗಭದ್ರಾ ಎಡದಂಡೆ ನಾಲೆಯಲ್ಲಿ ನೀರಿದ್ದು ಬೇಸಿಗೆ ಭತ್ತ ಹಸಿರಾಗಿ, ಹಾಲುಗಟ್ಟಿ, ಹಣ್ಣಾಗುವ ಹೊತ್ತಿನಲ್ಲಿ, ಈ ಬಯಲಿನಲ್ಲಿ ಮೂರು ಬಗೆಯ ಹಕ್ಕಿಗಳು ಒಟ್ಟಿಗೆ ಇರುತ್ತವೆ. ಚಳಿಗಾಲಕ್ಕೆ ಬಂದು ಇನ್ನೂ ಹೋಗದವು, ಇಲ್ಲಿಯೇ ಇದ್ದು ಈಗ ಮದುವಣಗಿತ್ತಿಯಂತೆ ಬಣ್ಣ ಏರಿಸಿಕೊಂಡವು, ಮತ್ತು ಸುತ್ತಲಿನ ಒಣಭೂಮಿ ಸುಟ್ಟುಹೋಗಿ ನೀರು ಹುಡುಕಿಕೊಂಡು ಬಂದವು. ನಾಲೆ ಬಂದ್ ಆದ ಕೆಲ ದಿನಗಳಿಗೆ ಈ ಸಂತೆ ಚೆದುರುತ್ತದೆ. ಹಕ್ಕಿ ನೋಡಬೇಕೆಂದರೆ ದಾಂಡೇಲಿಗೆ ಹೋಗಬೇಕು, ರಂಗನತಿಟ್ಟಿಗೆ ಹೋಗಬೇಕು ಎನ್ನುವ ನಮ್ಮ ಕಡೆಯ ಜನರಿಗೆ ನಾನು ಹೇಳುವುದಿಷ್ಟು: ಬೆಳಿಗ್ಗೆ ಆರಕ್ಕೆ ಬೈಕ್ ತೆಗೆದು ಆರ್.ಎಚ್. ಕ್ಯಾಂಪಿನ ಕಡೆ ನಾಲೆ ಏರಿಯ ಮೇಲೆ ನಿಲ್ಲಿ.

ಆದರೂ ಪೇಟೆಯನ್ನು ಬಿಟ್ಟು ಓಡಬೇಡಿ, ಅಲ್ಲಿಂದಲೇ ಶುರು ಮಾಡಬಹುದು. ಸಿಂಧನೂರಿನ ಹಳೆಯ ಸರ್ಕಾರಿ ಕಚೇರಿಗಳ, ಶಾಲೆಗಳ, ಕ್ವಾರ್ಟರ್ಸ್‌ಗಳ ಅಂಗಳದಲ್ಲಿ ಉಳಿದಿರುವುದು ಬೇವು. ಮಾರ್ಚ್‌ನಲ್ಲಿ ಅದು ಹೂ ಬಿಟ್ಟಾಗ ಕೋಗಿಲೆ ಗಂಟಲು ತೆರೆಯುತ್ತದೆ. ಕೂಗುವುದು ಕಡುಗಪ್ಪಿನ, ಕೆಂಪು ಕಣ್ಣಿನ ಗಂಡು. ಮೈತುಂಬ ಬಿಳಿ ಚುಕ್ಕೆಯ ಕಂದು ಹೆಣ್ಣನ್ನು ಕಂಡರೂ ಇದು ಕೋಗಿಲೆ ಎಂದು ಬಹಳ ಜನ ಒಪ್ಪುವುದಿಲ್ಲ. ಅದು ಕಾಗೆ ಗೂಡಿನ ಮೇಲೆ ಕಣ್ಣಿಟ್ಟು ಎಲೆಗಳ ನಡುವೆ ಸದ್ದಿಲ್ಲದೆ ಓಡಾಡುತ್ತಿರುತ್ತದೆ. ದೇಶದ ಹವ್ಯಾಸಿ ಪಕ್ಷಿವೀಕ್ಷಕರು ವರ್ಷಾನುಗಟ್ಟಲೆ ದಾಖಲಿಸಿದ ಪಟ್ಟಿಗಳನ್ನು ಆಧರಿಸಿ 2023ರಲ್ಲಿ ಬಂದ 'ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್' ವರದಿ 942 ಪ್ರಭೇದಗಳನ್ನು ಅಳೆದು, ಸಂಖ್ಯೆ ಏರುತ್ತಿರುವ ಕೆಲವೇ ಹಕ್ಕಿಗಳಲ್ಲಿ ಕೋಗಿಲೆಯನ್ನೂ ನವಿಲನ್ನೂ ಸೇರಿಸಿತು. ಕಾಗೆ ಇದ್ದಲ್ಲಿ ಕೋಗಿಲೆ, ಮನುಷ್ಯ ಇದ್ದಲ್ಲಿ ಕಾಗೆ. ಇದರಲ್ಲಿ ಅಚ್ಚರಿಯೇನೂ ಇಲ್ಲ. ಅದೇ ವರದಿಯಲ್ಲಿ ನಮ್ಮ ರಾಜ್ಯಪಕ್ಷಿ ನೀಲಕಂಠ ಇಳಿಮುಖದ ಪಟ್ಟಿಯಲ್ಲಿದೆ. ಆ ಮಾತಿಗೆ ಮುಂದೆ ಬರುತ್ತೇನೆ.

ಆಲ, ಅರಳಿ ಇರುವ ಓಣಿಯಲ್ಲಿ ಕಂಚುಕುಟಿಗ ಟೊಂಕ್ ಟೊಂಕ್ ಎಂದು ಬಡಿಯುವುದು ಇದೇ ದಿನಗಳಲ್ಲಿ. ಗುಬ್ಬಿಗಿಂತ ತುಸು ದಪ್ಪಗಿನ ಹಸಿರು ಹಕ್ಕಿ, ಹಣೆ ಮತ್ತು ಎದೆಯಲ್ಲಿ ಕೆಂಪು. ಕೂಗುವಾಗ ತಲೆಯನ್ನು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಿರುಗಿಸುತ್ತದೆ. ಅದಕ್ಕೇ ಸದ್ದು ಯಾವ ಕೊಂಬೆಯಿಂದ ಬರುತ್ತಿದೆ ಎಂಬುದು ಸುಲಭಕ್ಕೆ ಸಿಗುವುದಿಲ್ಲ. ಎಲೆ ಉದುರಿಸಿಕೊಂಡ ಮರದ ತುದಿಯನ್ನು ಮೊದಲು ನೋಡಿ.

ಸೂರಕ್ಕಿಗೆ ಮರವೂ ಬೇಕಿಲ್ಲ. ಟಿವಿ ಕೇಬಲ್, ಒಣಹಾಕುವ ತಂತಿ, ಮನೆ ಮುಂದಿನ ದಾಸವಾಳದ ಕೊಂಬೆ, ಏನಾದರೂ ಸರಿ, ತುದಿ ತೂಗಾಡುತ್ತಿದ್ದರೆ ಸಾಕು. ಒಂದು ಗೂಡನ್ನು ಹತ್ತಿರದಿಂದ ನೋಡಿದ್ದೇನೆ. ಜೇಡರ ಬಲೆಯ ಎಳೆಗಳಲ್ಲಿ ಒಣ ಹುಲ್ಲು, ಬೇವಿನ ತೊಗಟೆಯ ಚೂರು, ಕಂಬಳಿಹುಳದ ಹಿಕ್ಕೆ, ಯಾವುದೋ ಗುಟ್ಕಾ ಚೀಟಿಯ ಹೊಳೆವ ತುಣುಕು, ಎಲ್ಲವನ್ನೂ ಅಂಟಿಸಿ ಉದ್ದನೆ ಚೀಲ ಮಾಡಿತ್ತು. ಒಂದು ಪಕ್ಕಕ್ಕೆ ಬಾಗಿಲು, ಬಾಗಿಲ ಮೇಲೆ ಪುಟ್ಟ ಚಜ್ಜಾ. ದೂರದಿಂದ ನೋಡಿದವರಿಗೆ ಗಾಳಿಗೆ ಸಿಕ್ಕಿಕೊಂಡ ಕಸ, ಅಷ್ಟೇ. ಕಟ್ಟುವುದು ಹೆಣ್ಣು. ಗಂಡು ಈ ಋತುವಿನಲ್ಲಿ ನೀಲಿ-ನೇರಳೆಯಾಗಿ ಮಿರಮಿರ ಮಿಂಚುತ್ತ ಪಕ್ಕದ ತಂತಿಯ ಮೇಲೆ ಕೂತು ಗದ್ದಲ ಮಾಡುತ್ತದೆ. ಹಂಗಾಮು ಮುಗಿದರೆ ಅದರ ಠೀವಿಯೂ ಹೋಗಿ, ಹಳದಿ ಎದೆಯ ನಡುವೆ ಒಂದು ಕಪ್ಪು ಗೆರೆ ಮಾತ್ರ ಉಳಿಯುತ್ತದೆ.

ಇನ್ನು ರೈಸ್ ಮಿಲ್ಲುಗಳು. ಸೋನಾ ಮಸೂರಿಯ ಹೆಸರಿನಲ್ಲಿ ಬದುಕುವ ಊರಿದು, ಊರ ಹೊರಗಿನ ರಸ್ತೆಗಳುದ್ದಕ್ಕೂ ಮಿಲ್ಲು. ನುಚ್ಚು, ತೌಡು, ಚೆಲ್ಲಿದ ಭತ್ತ ಇರುವಲ್ಲಿ ಗುಬ್ಬಿಗೆ ಬರವಿಲ್ಲ. ಮಾರ್ಚ್ 20ಕ್ಕೆ ವಿಶ್ವ ಗುಬ್ಬಿ ದಿನ ಬಂದಾಗ ಗುಬ್ಬಿ ಕಾಣೆಯಾಯಿತು ಎಂದು ಅಳುವ ಬರಹಗಳು ಬೆಂಗಳೂರಿನಿಂದ ಬರುತ್ತವೆ. ಅವನ್ನು ಓದುತ್ತ ಕೂತವರ ತಲೆ ಮೇಲೆ, ಮಿಲ್ಲಿನ ತಗಡಿನ ಸಂದಿಯಲ್ಲಿ, ಇಲ್ಲಿ ಗುಬ್ಬಿ ಸಂಸಾರ ನಡೆಸುತ್ತಿರುತ್ತದೆ. ದೊಡ್ಡ ನಗರಗಳಲ್ಲಿ ಕಡಿಮೆಯಾಗಿದ್ದು ನಿಜ, ಎಲ್ಲ ಕಡೆಯೂ ಹಾಗಲ್ಲ. ಒಂದು ಮಾತು ಮಾತ್ರ ಗಮನಿಸಬೇಕು. ಕಾಳು ತಿನ್ನುವ ಗುಬ್ಬಿ ತನ್ನ ಮರಿಗೆ ಮೊದಲ ದಿನಗಳಲ್ಲಿ ಕೊಡುವುದು ಹುಳು. ಸುತ್ತ ಎಲ್ಲ ಕಡೆ ಎಣ್ಣೆ (ಕೀಟನಾಶಕ) ಹೊಡೆದಿದ್ದರೆ ಮಿಲ್ಲಿನಲ್ಲಿ ಎಷ್ಟು ನುಚ್ಚಿದ್ದರೂ ಮರಿಗೆ ಊಟವಿಲ್ಲ.

ಪೇಟೆ ದಾಟೋಣ.

ಸಿಂಧನೂರು ಸುತ್ತ ಊರಿಗಿಂತ ಕ್ಯಾಂಪುಗಳೇ ಹೆಚ್ಚೇನೋ ಎನ್ನಿಸುತ್ತದೆ. ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಶುರುವಾಯಿತು. ಆಗ ಈ ದಂಡೆ ಹೈದರಾಬಾದ್ ನಿಜಾಮನದು, ಆ ದಂಡೆ ಮದ್ರಾಸ್ ಪ್ರಾಂತ್ಯದ್ದು. 1953ರಲ್ಲಿ ನೀರು ಹರಿಯಿತು, 1956ರ ನವೆಂಬರ್ 1ಕ್ಕೆ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ನಾಲೆ ಬಂದ ಹಿಂದೆಯೇ ಆಂಧ್ರದ ಕರಾವಳಿಯಿಂದ ಭತ್ತ ಬೆಳೆಯಬಲ್ಲವರು ಬಂದು ಜಮೀನು ಹಿಡಿದರು. ಅವರು ಬೀಡುಬಿಟ್ಟದ್ದು ಕ್ಯಾಂಪು, ಇವತ್ತಿಗೂ ಕ್ಯಾಂಪೇ. ಆರ್.ಎಚ್. ಕ್ಯಾಂಪಿನ ಕತೆ ಬೇರೆ. ಅದು ಪುನರ್ವಸತಿ ಕ್ಯಾಂಪು. ಪೂರ್ವ ಪಾಕಿಸ್ತಾನದಲ್ಲಿ ಮನೆಮಠ ಬಿಟ್ಟು ಬಂದ ಬಂಗಾಳಿ ಹಿಂದೂ ಕುಟುಂಬಗಳಿಗೆ 1970ರ ಆಸುಪಾಸಿನಲ್ಲಿ ಸರ್ಕಾರ ಇಲ್ಲಿ ನೆಲೆ ಕೊಟ್ಟಿತು. ಒಂದನೇ ಕ್ಯಾಂಪು, ಎರಡನೇ ಕ್ಯಾಂಪು ಎಂದು ನಂಬರಿನಿಂದಲೇ ಕರೆಯುತ್ತಾರೆ. ದಸರೆಯಲ್ಲಿ ದುರ್ಗಾಪೂಜೆ, ಊಟಕ್ಕೆ ಮೀನು, ಮಾತಿಗೆ ಮನೆಯಲ್ಲಿ ಬಂಗಾಳಿ, ಸಂತೆಯಲ್ಲಿ ರಾಯಚೂರು ಕನ್ನಡ. ವಲಸೆ ಹಕ್ಕಿಗೂ ಇವರಿಗೂ ಹೋಲಿಕೆ ಮಾಡುವ ಆಸೆ ಬರೆಯುವವರಿಗೆ ಬರುತ್ತದೆ. ನನಗೆ ಅದು ಒಗ್ಗುವುದಿಲ್ಲ. ಹಕ್ಕಿಗೆ ಏಪ್ರಿಲ್‌ನಲ್ಲಿ ತಿರುಗಿ ಹೋಗಲು ಊರಿರುತ್ತದೆ.

ಮನೆಗಳ ಹಿಂದೆ ನೀರಿನ ಹೊಂಡ, ದಂಡೆಯ ಮೇಲೆ ಬಾಳೆ, ಚಪ್ಪರಕ್ಕೆ ಹಬ್ಬಿದ ಸೋರೆ, ಹೀರೆ. ಇಂಥ ಹಿತ್ತಲಿನ ಬೇಲಿಯ ಮೇಲೆ ಬೆಳಗಿನ ಜಾವ ಮಡಿವಾಳ ಹಾಡುತ್ತದೆ. ಕಪ್ಪು-ಬಿಳುಪಿನ, ಬಾಲ ಎತ್ತಿ ಕೂರುವ ಈ ಹಕ್ಕಿ ಬಾಂಗ್ಲಾದೇಶದ ರಾಷ್ಟ್ರಪಕ್ಷಿ; ಕ್ಯಾಂಪಿನವರಿಗೆ ಅದು ದೋಯೆಲ್. ಚಳಿಗಾಲದಲ್ಲಿ ಬರೀ ಚುರ್ ಚುರ್ ಎನ್ನುತ್ತಿದ್ದದ್ದು ಮಾರ್ಚ್ ಬಂತೆಂದರೆ ಎಷ್ಟು ಬಗೆಯಲ್ಲಿ ಸಿಳ್ಳೆ ಹಾಕುತ್ತದೆ ಎಂದರೆ, ಬೇರೆ ಹಕ್ಕಿ ಇರಬೇಕು ಎಂದು ಹುಡುಕುತ್ತ ನಿಲ್ಲುವವರಿದ್ದಾರೆ. ಹೊಂಡದ ಅಂಚಿನ ಜೊಂಡಿನಿಂದ ಹುಂಡುಕೋಳಿ ಹೊರಬಂದು, ಬಿಳಿ ಎದೆ ತೋರಿಸಿ, ಮೋಟು ಬಾಲ ಕುಣಿಸುತ್ತ ಮತ್ತೆ ಒಳಗೆ ನುಗ್ಗುತ್ತದೆ. ದುರ್ಬೀನು ಹಿಡಿದು ಅದರತ್ತ ನೋಡುತ್ತಿದ್ದಾಗ ಪಾತ್ರೆ ತೊಳೆಯಲು ಬಂದ ಹಿರಿಯ ಹೆಂಗಸೊಬ್ಬರು ತಾವಾಗಿಯೇ ಮಾತಿಗೆ ಬಂದರು.

"ಏನ್ ನೋಡಾಕತ್ತೀರಿ? ಡಾಹುಕ್ ಏನು?"

"ಹೌದು ಮಾಸಿ, ನಾವು ಹುಂಡುಕೋಳಿ ಅಂತೀವಿ."

"ನಮ್ ಅವ್ವ ಹೇಳ್ತಿದ್ಲು, ಆ ದೇಶದಾಗ ಮಳಿಗಾಲಕ್ಕ ಇದು ರಾತ್ರಿ ಪೂರ್ತಿ ಒದರ್ತಿತ್ತಂತ. ನಾವು ಇಲ್ಲಿ ಬಂದಾಗ ಏನಿತ್ರಿ, ಜಾಲಿ ಗಿಡ, ಕರಿ ಮಣ್ಣು. ನೀರು ಬಂತು, ಇದೂ ಬಂತು."

ಅವರ ಕೊನೆಯ ಮಾತಿನಲ್ಲಿ ಈ ತಾಲ್ಲೂಕಿನ ಪಕ್ಷಿಶಾಸ್ತ್ರ ಪೂರ್ತಿ ಅಡಗಿದೆ. ನಾಲೆಯ ನೀರಿಲ್ಲದಿದ್ದರೆ ಇಲ್ಲಿ ಜಂಬುಕೋಳಿ ಇಲ್ಲ, ಮೆಟ್ಟುಗಾಲು ಹಕ್ಕಿ ಇಲ್ಲ, ಬಸವನಹುಳು ಹೆಕ್ಕುವ ಬಾಯ್ಕಳಕ ಕೊಕ್ಕರೆ ಇಷ್ಟು ಇಲ್ಲ.

ಗದ್ದೆ ಬಯಲಿಗೆ ಬಂದರೆ ಮೊದಲು ಕೊಳದ ಬಕವನ್ನು ನೋಡಿ. ವರ್ಷವಿಡೀ ಮಣ್ಣಿನ ಬಣ್ಣದಲ್ಲಿ, ಬದುವಿನ ಮೇಲೆ ಕತ್ತು ಕುಗ್ಗಿಸಿ ಕೂರುವ ಇದನ್ನು ಯಾರೂ ತಿರುಗಿ ನೋಡುವುದಿಲ್ಲ. ಮಾರ್ಚ್ ಕೊನೆಯ ಹೊತ್ತಿಗೆ ಬೆನ್ನಿನ ಮೇಲೆ ಹಣ್ಣಾದ ನೇರಳೆಯ ಕಡುಗೆಂಪಿನ ಗರಿಗಳು ಇಳಿಬೀಳುತ್ತವೆ. ತಲೆಯಿಂದ ಉದ್ದನೆ ಬಿಳಿ ಎಳೆಗಳು ಜೋಲುತ್ತವೆ, ಕೊಕ್ಕಿನ ಬುಡ ನೀಲಿಯಾಗುತ್ತದೆ. ಉಪಕಾಲುವೆಯ ತೂಬಿನ ಕಟ್ಟೆಯೇ ಅದರ ಠಾಣೆ. ನೀರು ತೂಬಿನಿಂದ ರಭಸದಲ್ಲಿ ಹೊರಬಂದು ಸುತ್ತುವಲ್ಲಿ ಸಣ್ಣ ಮೀನು ದಿಕ್ಕುತಪ್ಪುತ್ತವೆ. ಬಕ ಕಾಲೆತ್ತುವುದಿಲ್ಲ, ಕಣ್ಣು ಮಿಟುಕಿಸುವುದಿಲ್ಲ. ಕತ್ತು ಕಂಡೂ ಕಾಣದಂತೆ ಒಂದಿಷ್ಟೊಂದಿಷ್ಟೇ ಮುಂದೆ ಚಾಚುತ್ತದೆ, ಆಮೇಲೆ ಒಮ್ಮೆಲೇ ಹೊಡೆತ. ಹೊಡೆತ ತಪ್ಪಿದರೆ ತಲೆಯೊಮ್ಮೆ ಕೊಡವಿ ಅದೇ ಜಾಗಕ್ಕೆ, ಅದೇ ಭಂಗಿಗೆ ಮರಳುತ್ತದೆ. ಹಾರಿದಾಗ ಮಾತ್ರ ಇಡೀ ಹಕ್ಕಿ ಬೆಳ್ಳಗಾಗಿ, ಈಗಷ್ಟೇ ನೋಡಿದ್ದು ಇದೇನಾ ಎಂದು ಗಲಿಬಿಲಿಯಾಗುತ್ತದೆ. ರೆಕ್ಕೆ ಮಡಚಿದರೆ ಬೆನ್ನು ಅದರ ಬಿಳುಪನ್ನು ನುಂಗಿಬಿಡುತ್ತದೆ.

ಗೋವಕ್ಕಿಯ ತಲೆ, ಕತ್ತು, ಬೆನ್ನು ಇದೇ ದಿನಗಳಲ್ಲಿ ಕೇಸರಿಗೆ ತಿರುಗುತ್ತವೆ. ನಾಟಿ ಗದ್ದೆಯ ಬದುಗಳಲ್ಲಿ ಓಡಾಡುವ ಹಳದಿ ಸಿಪಿಲೆಗಳು ಡಿಸೆಂಬರ್‌ನಲ್ಲಿ ಮಸುಕಾಗಿದ್ದವು, ಮಾರ್ಚ್‌ನಲ್ಲಿ ಅರಿಶಿನ ಬಳಿದುಕೊಂಡು ಹೊರಡಲು ಸಜ್ಜಾಗುತ್ತವೆ. ಹೊರಡುವ ಮೊದಲು ಬಣ್ಣ ಏರುವುದರಿಂದ ಅವುಗಳ ಜಾತಿ ಒಳಜಾತಿ ಗುರುತಿಸುವ ತಲೆನೋವಿನ ಕೆಲಸ ಈಗ ಸುಲಭ. ಗದ್ದೆಗೊರವಗಳ ವಿಷಯದಲ್ಲಿ ಅಷ್ಟು ಸುಲಭವಿಲ್ಲ. ಅವನ್ನು ನಾನು ಹೊಸಬರಿಗೆ ಮೊದಲ ವರ್ಷ ಬಿಟ್ಟುಬಿಡಿ ಎನ್ನುತ್ತೇನೆ. ನಾಲೆಯ ಉದ್ದಕ್ಕೂ ಹಾದುಹೋಗುವ ತಂತಿಗಳ ಮೇಲೆ ಕವಲುತೋಕೆಗಳು ಸಾಲಾಗಿ ಕೂತಿರುತ್ತವೆ, ಏಪ್ರಿಲ್ ನಡುವಿಗೆ ಆ ತಂತಿ ಖಾಲಿ.

ಏಪ್ರಿಲ್‌ನಲ್ಲಿ ಭತ್ತ ಕಟಾವಿನ ಮಷಿನ್ ಗದ್ದೆಗಿಳಿದ ದಿನ ಹಕ್ಕಿ ನೋಡಲು ಎಲ್ಲೂ ಹೋಗಬೇಕಾಗಿಲ್ಲ. ಮಷಿನ್ನಿನ ಮುಂದೆ ಮಿಡತೆ, ಇಲಿ, ಕಪ್ಪೆ ಎದ್ದು ಓಡುತ್ತವೆ, ಹಿಂದೆ ಗೋವಕ್ಕಿ, ಗೊರವಂಕ, ಕೆಂಬರಲು ಮೆರವಣಿಗೆ ಹೊರಡುತ್ತವೆ. ಮೇಲಿನಿಂದ ಹದ್ದು, ತಂತಿಯಿಂದ ಕಾಜಾಣ. ಕಾಜಾಣ ಬೇರೆಯವರು ಹಿಡಿದದ್ದನ್ನು ಕಸಿಯಲೂ ಹಿಂಜರಿಯುವುದಿಲ್ಲ. ನೀಲಕಂಠವೂ ಬರುತ್ತಿತ್ತು, ಈಗಲೂ ಬರುತ್ತದೆ, ಕಡಿಮೆ. ತಂತಿಯ ಮೇಲೆ ಕೂತಾಗ ಕಂದು ಮುದ್ದೆ. ರೆಕ್ಕೆ ಬಿಚ್ಚಿದರೆ ಎರಡು ನೀಲಿ. ಫೆಬ್ರುವರಿ-ಮಾರ್ಚ್‌ನಲ್ಲಿ ಗಂಡು ನೆಟ್ಟಗೆ ಆಕಾಶಕ್ಕೇರಿ, ಅಲ್ಲಿಂದ ಉರುಳಾಡುತ್ತ, ಕರ್ಕಶವಾಗಿ ಕಿರುಚುತ್ತ ಕೆಳಗೆ ಬೀಳುವುದು ಅದರ ಪ್ರಣಯ. ಅದಕ್ಕೆ ಬೇಕಿರುವುದು ದೊಡ್ಡ ಕೀಟ ಮತ್ತು ಪೊಟರೆ ಇರುವ ಹಳೆಯ ಮರ. ಭತ್ತದ ಸೀಮೆಯಲ್ಲಿ ಎರಡನ್ನೂ ನಾವು ಉಳಿಸಿಕೊಂಡಿಲ್ಲ.

ಕಟಾವಿನ ಮರುದಿನದ ನೋಟ ಅಷ್ಟು ಸುಖದ್ದಲ್ಲ. ಮಷಿನ್ ಬಿಟ್ಟುಹೋದ ಕೂಳೆಗೆ ಬೆಂಕಿ ಇಡುತ್ತಾರೆ. ಹೊಗೆಯ ಅಂಚಿನಲ್ಲಿ ಕಾಜಾಣ, ಹದ್ದುಗಳಿಗೆ ಹಬ್ಬ. ನೆಲದ ಮೇಲೆ ನಾಲ್ಕು ಮೊಟ್ಟೆಯಿಟ್ಟ ಟಿಟ್ಟಿಭಕ್ಕೆ, ಹೆಂಟೆಯ ಮರೆಯಲ್ಲಿ ಬಟ್ಟಲು ಮಾಡಿಕೊಂಡ ನೆಲಗುಬ್ಬಿಗೆ ಸಂಸಾರವೇ ಭಸ್ಮ. ಅದೇ ರೈತರಿಗೆ ದಢೇಸುಗೂರಿನ ಕೃಷಿ ಸಂಶೋಧನಾ ಕೇಂದ್ರದಂಥ ಕಡೆ, ಗದ್ದೆಯಲ್ಲಿ ಹಕ್ಕಿ ಕೂರಲು ಅಡ್ಡಪಟ್ಟಿ ಇರುವ ಕೋಲು ನೆಡಿ ಎಂಬ ಸಲಹೆ ಹೊಸದಲ್ಲ. ಹಗಲು ಆ ಕೋಲಿನ ಮೇಲೆ ಕಾಜಾಣ ಕೂತು ಹುಳು ಹಿಡಿಯುತ್ತದೆ, ರಾತ್ರಿ ಕಣಜ ಗೂಬೆ ಕೂತು ಇಲಿ ಹಿಡಿಯುತ್ತದೆ. ಎರಡು ಬಿದಿರಿನ ಖರ್ಚು. ಗೂಬೆ ಕಂಡರೆ ಅಪಶಕುನ ಎಂದು ಕಲ್ಲೆಸೆದು, ಮರುದಿನ ಇಲಿಪಾಷಾಣಕ್ಕೆ ಅಂಗಡಿಯ ಮುಂದೆ ನಿಲ್ಲುವವರಿಗೆ ಏನು ಹೇಳುವುದು?

ಇಷ್ಟಾದರೂ, ಈ ಭಾಗದ ವಸಂತದ ಹಕ್ಕಿ ಯಾವುದು ಎಂದು ಕೇಳಿದರೆ ನಾನು ನೀರ ಹಕ್ಕಿಯ ಹೆಸರು ಹೇಳುವುದಿಲ್ಲ. ಅದು ಗುಲಾಬಿ ಕಬ್ಬಕ್ಕಿ. ತಲೆ, ಕತ್ತು, ರೆಕ್ಕೆ, ಬಾಲ ಕಪ್ಪು. ಬೆನ್ನು, ಹೊಟ್ಟೆ ಗುಲಾಬಿ. ಆಗಸ್ಟ್ ಹೊತ್ತಿಗೆ ಮಂಕು ಬಣ್ಣದಲ್ಲಿ ಬಂದಿಳಿದು, ಏಪ್ರಿಲ್‌ನಲ್ಲಿ ಜುಟ್ಟು ಬಿಟ್ಟುಕೊಂಡು ಹೊಳೆಯುತ್ತ ಹೊರಡುತ್ತದೆ. ಇದನ್ನು ನೋಡಲು ಭತ್ತದ ಸೀಮೆಯಿಂದ ಮಸ್ಕಿ, ಲಿಂಗಸುಗೂರಿನ ಕಡೆ, ನಾಲೆ ಮುಟ್ಟದ ಎರೆಹೊಲಗಳಿಗೆ ಹೋಗಬೇಕು. ಅಲ್ಲಿ ಹಿಂಗಾರಿ ಬಿಳಿಜೋಳ ತೆನೆ ಕಟ್ಟಿ, ಸೀತನಿ ಸುಟ್ಟು ತಿಂದು ಮುಗಿಸಿದ ಮೇಲೆ, ಕಾಳು ಬಲಿಯುವ ಹೊತ್ತಿಗೆ ಇವು ಸಾವಿರಗಟ್ಟಲೆ ಇಳಿಯುತ್ತವೆ. ಅಟ್ಟಣಿಗೆ ಹತ್ತಿ, ಕವಣೆ ಬೀಸಿ, ಡಬ್ಬ ಬಡಿದು, ಹೋ ಎಂದು ಕೂಗಿ ಹೊಲ ಕಾಯುವುದು ಎಳೆಯರಿಂದ ಮುದುಕರ ತನಕ ಎಲ್ಲರ ಕೆಲಸವಾಗಿತ್ತು. ಈಗ ಅಟ್ಟಣಿಗೆ ಅಪರೂಪ. ಹಳೆಯ ಕ್ಯಾಸೆಟ್ಟಿನ ಹೊಳೆವ ಟೇಪು ಕಟ್ಟುತ್ತಾರೆ, ಮೊಬೈಲಿಗೆ ಸ್ಪೀಕರ್ ಜೋಡಿಸಿ ಗದ್ದಲ ಹಾಕುತ್ತಾರೆ. ಗುಂಪು ಒಂದು ಹೊಲದಿಂದ ಎದ್ದು ಪಕ್ಕದ ಹೊಲಕ್ಕೆ ಇಳಿಯುತ್ತದೆ, ಪಕ್ಕದವರು ಎಬ್ಬಿಸಿದರೆ ಇತ್ತ.

ರಾಶಿ ಮುಗಿದು ಹೊಲ ಬರಿದಾದ ಮೇಲೆ ಈ ಹಕ್ಕಿಯ ಇನ್ನೊಂದು ಮುಖ ಕಾಣುತ್ತದೆ. ಮುತ್ತುಗದ ಮರ ಎಲೆಯೆಲ್ಲ ಕಳೆದು ಬೆಂಕಿಬಣ್ಣದ ಹೂ ಹೊತ್ತು ನಿಂತಾಗ ಇವು ಮಕರಂದಕ್ಕೆ ಮುತ್ತುತ್ತವೆ. ಕೊಕ್ಕು ಹೂವಿನೊಳಗೆ ಹೋದಾಗ ಹಣೆಗೆ ಪರಾಗ ಮೆತ್ತುತ್ತದೆ, ಅದನ್ನೇ ಹೊತ್ತು ಪಕ್ಕದ ಮರಕ್ಕೆ. ಒಂದು ಮರದಲ್ಲಿ ಇಷ್ಟು ಜಗಳ, ಇಷ್ಟು ಕಿಚಪಿಚ ಹೇಗೆ ಹಿಡಿಯುತ್ತದೋ! ಸಂಜೆ ಹೊತ್ತು ಮುಳುಗುವಾಗ ಗುಂಪು ಗುಂಪುಗಳು ಸೇರಿ ಆಕಾಶದಲ್ಲಿ ಒಂದೇ ಮೈಯಾಗಿ ತಿರುಗಿ, ಹಿಗ್ಗಿ, ಕುಗ್ಗಿ, ಬಳ್ಳಾರಿ ಜಾಲಿಯ ಪೊದೆಗಳಿಗೆ ಬಿದ್ದುಕೊಳ್ಳುತ್ತವೆ.

ಇಲ್ಲಿಂದ ಹೊರಟು ಇವು ಮುಟ್ಟುವುದು ಕಜಾಕಸ್ತಾನ ಮತ್ತು ಅದರ ಸುತ್ತಲಿನ ಮಧ್ಯ ಏಷ್ಯಾದ ಹುಲ್ಲುಬಯಲು. ಮೇ, ಜೂನ್‌ನಲ್ಲಿ ಕಲ್ಲಿನ ರಾಶಿಗಳ ಸಂದಿಯಲ್ಲಿ ಊರಿಗೆ ಊರೇ ಎಂಬಂತೆ ಗೂಡು ಮಾಡುತ್ತವೆ. ಮರಿಗಳಿಗೆ ಅಲ್ಲಿ ಕೊಡುವುದು ಮಿಡತೆ. ಮಿಡತೆ ಎದ್ದ ವರ್ಷ ಹಕ್ಕಿಯೂ ಹೆಚ್ಚು. ಚೀನಾದ ಷಿಂಜಿಯಾಂಗ್‌ನಲ್ಲಿ ಹುಲ್ಲುಗಾವಲು ಉಳಿಸಿಕೊಳ್ಳಲು ಇವುಗಳಿಗೆಂದೇ ಕಲ್ಲು, ಇಟ್ಟಿಗೆಯ ಗೂಡುಮನೆಗಳನ್ನು ಸರ್ಕಾರವೇ ಕಟ್ಟಿಸಿದೆ. ಮಿಡತೆಗೆ ವಿಷ ಹೊಡೆಯುವುದಕ್ಕಿಂತ ಇದು ಅಗ್ಗ. ಅಲ್ಲಿ ಮನೆ ಕಟ್ಟಿಸಿಕೊಂಡ ಹಕ್ಕಿಗೆ ಇಲ್ಲಿ ಕವಣೆಕಲ್ಲು. ಎರಡೂ ಕಡೆಯವರದು ನ್ಯಾಯವಾದ ಲೆಕ್ಕವೇ.

ನಾಲೆ ತಂದದ್ದರ ಪಟ್ಟಿ ಕೊಟ್ಟೆ, ಕೊಂಡೊಯ್ದದ್ದನ್ನೂ ಹೇಳಬೇಕು. 1930ರ ದಶಕದ ಆರಂಭದಲ್ಲಿ ಪಕ್ಷಿತಜ್ಞ ಸಲೀಂ ಅಲಿ ಹೈದರಾಬಾದ್ ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದರು. ಮೈಸೂರಿನ ಸಮೀಕ್ಷೆಗೆ ಅವರು ಬಂದದ್ದು ಅದರ ನಂತರ. ಹಾಗಾಗಿ ಕನ್ನಡ ನಾಡಿನ ಈ ತುಂಡು ಪಕ್ಷಿವಿಜ್ಞಾನದ ಪುಸ್ತಕದಲ್ಲಿ ಹೈದರಾಬಾದಿನ ಲೆಕ್ಕಕ್ಕೆ ಸೇರಿದೆ. ಅಂದಿನ ಎರೆಸೀಮೆ ಜೋಳ, ಹತ್ತಿ, ಹುಲ್ಲುಗಾವಲಿನ ಸೀಮೆ. ಅದರ ದೊರೆ ಹೆಬ್ಬಕ, ನಮ್ಮವರು ಎರ್ಲಡ್ಡು ಎನ್ನುವುದು ಇದನ್ನೇ. ನವಿಲಿಗಿಂತ ಭಾರದ, ನೆಲದ ಮೇಲೆ ಒಂದೇ ಮೊಟ್ಟೆ ಇಡುವ ಹಕ್ಕಿ. ದೇಶದಲ್ಲಿ ಈಗ ಉಳಿದಿರುವುದು ನೂರೈವತ್ತರ ಆಸುಪಾಸು, ಹೆಚ್ಚಿನವು ರಾಜಸ್ಥಾನದಲ್ಲಿ. ಕರ್ನಾಟಕದಲ್ಲಿ ಅದರ ಕೊನೆಯ ಜಾಗ ದಢೇಸುಗೂರು ಸೇತುವೆ ದಾಟಿದರೆ ಸಿಗುವ ಸಿರುಗುಪ್ಪ ತಾಲ್ಲೂಕು. ಅಲ್ಲಿನ ಒಣಬೇಸಾಯದ ಹೊಲಗಳಲ್ಲಿ ಬೆರಳೆಣಿಕೆಯಷ್ಟು ಕಂಡಿವೆ. ಭತ್ತದ ಗದ್ದೆ ಎರ್ಲಡ್ಡುವಿಗೆ ಕೆರೆ ಇದ್ದಂತೆಯೇ, ಕಾಲಿಡಲು ಬರುವುದಿಲ್ಲ. ಹುಂಡುಕೋಳಿ ಬಂದ ದಾರಿಯಲ್ಲೇ ಅದು ಹೋಯಿತು. ದಯವಿಟ್ಟು ಅದನ್ನು ಹುಡುಕಿಕೊಂಡು ಹೋಗಬೇಡಿ. ಫೋಟೊ ಆಸೆಗೆ ಕಾರು ಹೊಲಕ್ಕಿಳಿಸುವವರಿಂದ ಅದಕ್ಕೆ ಇನ್ನಷ್ಟು ಸಂಕಟ.

ಮಸ್ಕಿಯ ಮಾತು ಬಂದಾಗ ಅಶೋಕನ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಇಲ್ಲಿ ಕಂಡುಹಿಡಿದ ಬಂಡೆಗಲ್ಲು ಶಾಸನದಿಂದಲೇ ದೇವಾನಾಂಪ್ರಿಯ ಎಂದರೆ ಅಶೋಕ ಎಂಬುದು ಖಚಿತವಾಯಿತು ಎಂದು ಶಾಲೆಯಲ್ಲಿ ಓದಿದ್ದೇವೆ. ಅದೇ ರಾಜ ಪಟ್ಟಕ್ಕೆ ಬಂದು 26 ವರ್ಷವಾದ ಮೇಲೆ ಉತ್ತರದಲ್ಲಿ ಬರೆಸಿದ ಐದನೇ ಸ್ತಂಭಶಾಸನದಲ್ಲಿ ಕೊಲ್ಲಬಾರದ ಪ್ರಾಣಿಗಳ ಪಟ್ಟಿಯಿದೆ. ಅದು ಶುರುವಾಗುವುದೇ ಗಿಳಿ, ಗೊರವಂಕಗಳಿಂದ. ಮುಂದೆ ಚಕ್ರವಾಕ, ಹಂಸ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಇಷ್ಟು ಹಳೆಯ ಅಣ್ಣ ಇದ್ದಾನೆ. ಗಿಳಿ, ರಾಟವಾಳಗಳನ್ನು ಪಂಜರದಲ್ಲಿಟ್ಟು ಸಂತೆಯಲ್ಲಿ ಮಾರುವುದು ಈ ಕಾಯ್ದೆಯಲ್ಲೂ ಅಪರಾಧ. ಶಾಸನ ನೋಡಿ ಗುಡ್ಡ ಸುತ್ತುವವರು ಸಂಜೆ ತನಕ ನಿಂತರೆ, ಬಂಡೆಗಳ ಸಂದಿಯಿಂದ ಕೊಂಬಿನ ಗೂಬೆಯ ಗಂಭೀರ ಬೂಊ ಕೇಳುವ ಅವಕಾಶವಿದೆ. ಇಂಥ ಕಲ್ಲುಗುಡ್ಡಗಳೆಂದರೆ ಅದಕ್ಕೆ ಪ್ರಾಣ.

ನಾಲೆ ಬಂದ್ ಆಗುವುದಕ್ಕೆ ತಿರುಗಿ ಬರೋಣ. ಜಲಾಶಯ ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿತ್ತು. ಹೂಳು ತುಂಬಿ ಈಗ 105ರ ಹತ್ತಿರಕ್ಕೆ ಇಳಿದಿದೆ. ಎರಡನೇ ಬೆಳೆಗೆ ನೀರು ಸಿಕ್ಕರೆ ಸಿಕ್ಕಿತು. ಸಿಕ್ಕ ವರ್ಷವೂ ಮಾರ್ಚ್ ಕೊನೆ, ಏಪ್ರಿಲ್ ಮೊದಲ ವಾರಗಳಲ್ಲಿ ನಿಲ್ಲಿಸುತ್ತಾರೆ. ನೀರು ನಿಂತ ಮೇಲೆ ನಾಲೆಯ ತಳದ ತಗ್ಗುಗಳಲ್ಲಿ ಮಡುಗಳು ಉಳಿಯುತ್ತವೆ. ಮೀನೆಲ್ಲ ಅಲ್ಲಿಗೆ, ಮೀನಿನ ಹಿಂದೆ ಎಲ್ಲರೂ ಅಲ್ಲಿಗೆ. ಹುಡುಗರು ಬಲೆ, ಲುಂಗಿ ಹಿಡಿದು ಒಂದು ಬದಿಗೆ, ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿ, ಬಣ್ಣದ ಕೊಕ್ಕರೆ ಇನ್ನೊಂದು ಬದಿಗೆ. ಒಂದೇ ಮಡುವಿನಲ್ಲಿ ಹತ್ತಾರು ಪ್ರಭೇದ ಸುಲಭಕ್ಕೆ ಕಾಣುವ ಸಮಯ ವರ್ಷದಲ್ಲಿ ಇದೊಂದೇ. ಅಷ್ಟರಲ್ಲಿ ಬಾತುಗಳು ಹೋಗಿಯಾಗಿರುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆಯಿಂದ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯದಾಚೆಗೆ ಹೊರಡುವುದೂ ಈ ಹೊತ್ತಿಗೇ. ತುಂಗಭದ್ರೆಯ ಹಿನ್ನೀರಿನ ಬಳಿಯ ಅಂಕಸಮುದ್ರದಲ್ಲಿ ಮಾತ್ರ ಜಾಲಿ ಮರಗಳ ಮೇಲೆ ನೀರಹಕ್ಕಿಗಳ ಸಂಸಾರ ನಡೆದೇ ಇರುತ್ತದೆ. ಎರಡು ಕೆರೆಗಳಿಗೂ 2024ರಲ್ಲಿ, ಜೌಗುಪ್ರದೇಶಗಳಿಗೆ ಕೊಡುವ ರಾಮ್ಸಾರ್ ಪಟ್ಟ ಸಿಕ್ಕಿತು. ಒಂದು ದಿನದ ರಜೆಗೆ ಅವೆರಡೂ ಒಳ್ಳೆಯ ಜಾಗ, ಸಿಂಧನೂರಿನ ಗದ್ದೆ ಚೆನ್ನಾಗಿ ನೋಡಿಯಾದ ಮೇಲೆ.

ಹೊರಡುವವರಿಗೆ ಒಂದೆರಡು ಮಾತು. ಒಂಬತ್ತು ಗಂಟೆಯ ಮೇಲೆ ಇಲ್ಲಿ ಹಕ್ಕಿಯೂ ನೆರಳಿಗೆ ಹೋಗುತ್ತದೆ, ನೀವೂ ಹೋಗಿ. ನಾಲೆ ಏರಿಯ ಮೇಲೆ ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು ನಡೆದರೆ ಬಣ್ಣ ಕಾಣುತ್ತದೆ, ಎದುರಿಗಿಟ್ಟುಕೊಂಡರೆ ಎಲ್ಲ ಕರಿಹಕ್ಕಿ. ಹಸಿ ಬದು ತುಳಿದು ಕೆಡಿಸಿದರೆ ರೈತ ಬೈಯುವುದು ನ್ಯಾಯ. ಎಣ್ಣೆ ಹೊಡೆದ ದಿನ ಆ ಗದ್ದೆಯ ಹತ್ತಿರ ಹೋಗಬೇಡಿ. ಮರ್ಲಿನ್ ಎಂಬ ಆ್ಯಪ್ ಕೂಗು ಕೇಳಿ ಹೆಸರು ಹೇಳುತ್ತದೆ, ಬಹಳ ಸಲ ಸರಿಯಾಗಿಯೇ ಹೇಳುತ್ತದೆ. ಆದರೂ ಕಣ್ಣಿಂದ ನೋಡದ ಹಕ್ಕಿಯನ್ನು ಪಟ್ಟಿಗೆ ಸೇರಿಸುವ ಚಟ ಒಳ್ಳೆಯದಲ್ಲ. ಬರೆದದ್ದನ್ನು ಇ-ಬರ್ಡ್ ಜಾಲತಾಣಕ್ಕೆ ಹಾಕಿ. ಪ್ರತಿ ಫೆಬ್ರುವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಹಿತ್ತಲ ಹಕ್ಕಿ ಎಣಿಕೆ ನಡೆಯುತ್ತದೆ. ಅಮೆರಿಕದಲ್ಲಿ 1998ರಲ್ಲಿ ಶುರುವಾಗಿ, 2013ರಿಂದ ಭಾರತವೂ ಸೇರಿಕೊಂಡಿದೆ. ಬೆಂಗಳೂರು, ಮೈಸೂರಿನಿಂದ ಪಟ್ಟಿಗಳು ಸುರಿಯುತ್ತವೆ. ಕಲ್ಯಾಣ ಕರ್ನಾಟಕದ ಹಳ್ಳಿಗಳಿಂದಲೂ ಹೋಗಲಿ. ಹಿತ್ತಲಲ್ಲಿ ಹದಿನೈದು ನಿಮಿಷ ಕೂತು ಬರೆದರೆ ಸಾಕು.

ಈ ಎಣಿಕೆಯ ವಿಷಯವನ್ನು ಮಸ್ಕಿ ಕಡೆಯ ಹೊಲವೊಂದರಲ್ಲಿ, ಟೇಪು ಕಟ್ಟುತ್ತಿದ್ದ ಜೋಳದ ರೈತರೊಬ್ಬರಿಗೆ ಉತ್ಸಾಹದಿಂದ ವಿವರಿಸಿದೆ. ಗುಲಾಬಿ ಕಬ್ಬಕ್ಕಿಯ ಗುಂಪು ಬೇಲಿಯ ಜಾಲಿ ಮೇಲೆ ಕೂತು, ನಾವು ಯಾವಾಗ ಹೋಗುತ್ತೇವೋ ಎಂದು ಕಾಯುತ್ತಿತ್ತು. ಅವರು ಎಲ್ಲ ಕೇಳಿಸಿಕೊಂಡು, ಟೇಪಿನ ಗಂಟು ಬಿಗಿದು ಹೇಳಿದರು: "ಎಣಿಸ್ರಿ ಸರ, ಚೊಲೋತ್ನಾಗ ಎಣಿಸ್ರಿ. ಒಂದ್ ಹಕ್ಕಿ ದಿನಕ್ಕ ಎಷ್ಟು ಜ್ವಾಳ ತಿಂತೈತಿ ಅನ್ನೋದು ನಾ ಹೇಳ್ತೀನಿ. ಗುಣಿಸಿ ತಹಸೀಲ್ದಾರ್‌ಗೆ ಕೊಡ್ರಿ, ಪರಿಹಾರ ಬಂದ್ರ ನಿಮಗೂ ಒಂದ್ ಚೀಲ."